ಮೇಲಿನ ಕಣ್ಣುರೆಪ್ಪೆಯ ಸೌಂದರ್ಯ ಶಸ್ತ್ರಚಿಕಿತ್ಸೆ: ನಿರ್ಧರಿಸುವ ಮುನ್ನ ತಿಳಿದಿರಬೇಕಾದದ್ದು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ‘ಕಣ್ಣ ಮ್ಯಾಲಿನ ತೊಗಲ ಜೋತು ಬಿದ್ದೈತ್ರಿ, ಆಪರೇಷನ್ ಎಲ್ಲಿ ಮಾಡಸ್ಬೇಕು, ಎಷ್ಟ ಖರ್ಚ ಬರ್ತದ?’ ಎಲ್ಲಿ, ಎಷ್ಟು ಎನ್ನುವುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆಯೇ ಇರುವುದರಿಂದ, ಇಡೀ ವಿಷಯವನ್ನು ಹಂತ ಹಂತವಾಗಿ ಇಲ್ಲಿ ಬಿಡಿಸಿ ಹೇಳಿದೆ.

ವಯಸ್ಸಾದಂತೆ ಮೇಲಿನ ರೆಪ್ಪೆಯ ಚರ್ಮ ತನ್ನ ಬಿಗುವನ್ನು ಕಳೆದುಕೊಂಡು ರೆಪ್ಪೆಗೂದಲಿನ ಮೇಲೆ ಮಡಿಕೆಯಾಗಿ ಕೂರುತ್ತದೆ. ಆ ಹೆಚ್ಚುವರಿ ಚರ್ಮವನ್ನು, ಅಗತ್ಯವಿದ್ದರೆ ಅದರಡಿಯ ತೆಳು ಸ್ನಾಯುವಿನ ಒಂದು ಎಳೆಯನ್ನು ಮತ್ತು ಉಬ್ಬಿರುವ ಕೊಬ್ಬನ್ನು ತೆಗೆದು ಹೊಲಿಗೆ ಹಾಕುವ ಶಸ್ತ್ರಚಿಕಿತ್ಸೆಯನ್ನು ಬ್ಲೆಫರೋಪ್ಲಾಸ್ಟಿ ಎನ್ನುತ್ತಾರೆ. ಕೇಳಲು ಸಣ್ಣ ಕೆಲಸದಂತೆ ತೋರುತ್ತದೆ, ಸಮಯವೂ ಹೆಚ್ಚು ಹಿಡಿಯುವುದಿಲ್ಲ. ಆದರೆ ರೆಪ್ಪೆಯ ಮೊದಲ ಕೆಲಸ ಕಣ್ಣನ್ನು ಪೂರ್ತಿಯಾಗಿ ಮುಚ್ಚುವುದು, ಅಂದ ಆಮೇಲಿನದು. ಕಡಿಮೆ ತೆಗೆದಿದ್ದರೆ ಮುಂದೆ ಇನ್ನಷ್ಟು ತೆಗೆಯಬಹುದು, ಹೆಚ್ಚು ತೆಗೆದುಬಿಟ್ಟರೆ ಬೇರೆ ಕಡೆಯ ಚರ್ಮವನ್ನು ತಂದು ಕಸಿ ಮಾಡಬೇಕಾಗುತ್ತದೆ, ಮತ್ತು ಆ ಕಸಿ ಮೊದಲಿನ ರೆಪ್ಪೆಯಂತೆ ಕಾಣುವುದಿಲ್ಲ. ಮುಂದಿನ ಎಲ್ಲ ಹಂತಗಳನ್ನೂ ಈ ಒಂದು ಮಾತಿನ ಬೆಳಕಿನಲ್ಲಿ ಓದಿರಿ.

ಹಂತ 1: ಜೋತಿರುವುದು ಚರ್ಮವೋ, ರೆಪ್ಪೆಯೋ, ಹುಬ್ಬೋ ಎಂದು ತಿಳಿಯಿರಿ

ನೋಡುವವರಿಗೆ ಮೂರೂ ಒಂದೇ ತೆರನಾಗಿ ಕಾಣುತ್ತವೆ, ಆದರೆ ಮೂರಕ್ಕೂ ಚಿಕಿತ್ಸೆ ಬೇರೆ. ಮೊದಲನೆಯದು ಬರಿಯ ಚರ್ಮದ ಸಡಿಲಿಕೆ. ವೈದ್ಯರ ಚೀಟಿಯಲ್ಲಿ ಇದನ್ನು ಡರ್ಮಟೋಕ್ಯಾಲಾಸಿಸ್ ಎಂದು ಬರೆದಿರುತ್ತಾರೆ. ಎರಡನೆಯದು ಟೋಸಿಸ್. ಇದರಲ್ಲಿ ಅಂಗಡಿಯ ಷಟರನ್ನು ಮೇಲೆಳೆಯುವ ಹಗ್ಗ ಸಡಿಲವಾದಂತೆ, ರೆಪ್ಪೆಯನ್ನು ಎತ್ತುವ ಲಿವೇಟರ್ ಎಂಬ ಸ್ನಾಯುವಿನ ಹಿಡಿತ ಸಡಿಲಾಗಿ ರೆಪ್ಪೆಯ ಅಂಚೇ ಕೆಳಗಿಳಿದಿರುತ್ತದೆ. ಹಲವು ವರ್ಷ ಕಾಂಟ್ಯಾಕ್ಟ್ ಲೆನ್ಸ್ ಬಳಸಿದವರಲ್ಲಿ ಮತ್ತು ಕೆಲವೊಮ್ಮೆ ಮೋತಿಬಿಂದುವಿನ ಶಸ್ತ್ರಚಿಕಿತ್ಸೆ ಆದವರಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ. ಮೂರನೆಯದು ಹುಬ್ಬಿನ ಇಳಿತ: ಹಣೆಯ ಅಂಗಾಂಶ ಸಡಿಲಾಗಿ ಹುಬ್ಬು ಕೆಳಗೆ ಸರಿದಾಗ ಅದರ ಭಾರವೆಲ್ಲ ರೆಪ್ಪೆಯ ಮೇಲೆ ಬೀಳುತ್ತದೆ. ಒಬ್ಬರಲ್ಲಿಯೇ ಮೂರೂ ಸೇರಿಕೊಂಡಿರುವುದು ಅಪರೂಪವಲ್ಲ.

ಮನೆಯಲ್ಲಿಯೇ ಒಂದು ಪ್ರಾಥಮಿಕ ಪರೀಕ್ಷೆ ಮಾಡಿಕೊಳ್ಳಬಹುದು. ಹಗಲು ಬೆಳಕಿನಲ್ಲಿ ಕನ್ನಡಿಯ ಎದುರು ನಿಂತು ಕಣ್ಣು ಮುಚ್ಚಿ, ಹಣೆಯನ್ನು ಪೂರ್ತಿ ಸಡಿಲಬಿಟ್ಟು, ಹುಬ್ಬೇರಿಸದೆ ನಿಧಾನವಾಗಿ ಕಣ್ಣು ತೆರೆಯಿರಿ. ಈಗ ಮಡಿಕೆಯ ಚರ್ಮವನ್ನು ಬೆರಳ ತುದಿಯಿಂದ ಹಗುರವಾಗಿ ಎತ್ತಿ ಹಿಡಿದು ರೆಪ್ಪೆಯ ಅಂಚು ಎಲ್ಲಿದೆ ಎಂದು ನೋಡಿರಿ. ಆರೋಗ್ಯವಂತ ರೆಪ್ಪೆಯ ಅಂಚು ಕಪ್ಪುಗುಡ್ಡೆಯ ಮೇಲ್ತುದಿಯನ್ನು ಒಂದೆರಡು ಮಿಲಿಮೀಟರಿನಷ್ಟು ಮಾತ್ರ ಮುಚ್ಚಿರುತ್ತದೆ. ಚರ್ಮ ಎತ್ತಿದ ಮೇಲೂ ಅಂಚು ನಡುವಿನ ಪಾಪೆಯ ಸಮೀಪಕ್ಕೆ ಇಳಿದಿದ್ದರೆ ಅದು ಟೋಸಿಸ್ ಇರಬಹುದು. ಅಂಥವರಿಗೆ ಚರ್ಮವನ್ನಷ್ಟೇ ತೆಗೆದರೆ ಕಣ್ಣು ಮೊದಲಿನಂತೆಯೇ ನಿದ್ದೆಗಣ್ಣಾಗಿ ಉಳಿಯುತ್ತದೆ. ಆಮೇಲೆ ಹುಬ್ಬಿನ ಕೆಳಗೆ ಬೆರಳಿಟ್ಟು ಕಣ್ಣುಗೂಡಿನ ಮೂಳೆಯ ಅಂಚನ್ನು ಹುಡುಕಿರಿ. ಹೆಂಗಸರ ಹುಬ್ಬು ಸಾಮಾನ್ಯವಾಗಿ ಆ ಮೂಳೆಗಿಂತ ತುಸು ಮೇಲಿರುತ್ತದೆ, ಗಂಡಸರದು ಮೂಳೆಯ ಮಟ್ಟದಲ್ಲಿಯೇ ಇರುತ್ತದೆ. ಹುಬ್ಬು ಅದಕ್ಕಿಂತ ಕೆಳಗೆ ಕುಸಿದಿದ್ದು, ಅದನ್ನು ಎತ್ತಿ ಹಿಡಿದಾಗ ರೆಪ್ಪೆಯ ಮಡಿಕೆ ಬಹುಪಾಲು ಮಾಯವಾದರೆ, ತೊಂದರೆಯ ಮೂಲ ಹುಬ್ಬಿನಲ್ಲಿದೆ.

ಇನ್ನೊಂದು ಸೂಕ್ಷ್ಮವಿದೆ. ರೆಪ್ಪೆ ಭಾರವಾದವರು ತಮಗರಿವಿಲ್ಲದೆಯೇ ದಿನವಿಡೀ ಹಣೆಯನ್ನು ಎತ್ತಿ ಹಿಡಿದು ನೋಡುತ್ತಿರುತ್ತಾರೆ. ಹಣೆಯ ಅಡ್ಡಗೆರೆಗಳು, ಸಂಜೆಯ ಹೊತ್ತಿಗೆ ಬರುವ ಹಣೆನೋವು ಅದರ ಗುರುತು. ಚರ್ಮ ತೆಗೆದ ಮೇಲೆ ಎತ್ತಿ ಹಿಡಿಯುವ ಅಗತ್ಯ ಇಲ್ಲವಾಗಿ ಹುಬ್ಬು ಕೆಳಗಿಳಿಯುತ್ತದೆ, ‘ಆಪರೇಷನ್ ಆದರೂ ಫರಕು ಬೀಳಲಿಲ್ಲ’ ಎಂಬ ದೂರು ಬಹಳ ಸಲ ಹುಟ್ಟುವುದು ಇಲ್ಲಿಂದಲೇ.

ಎಚ್ಚರಿಕೆ: ರೆಪ್ಪೆ ವರ್ಷಗಳಿಂದ ನಿಧಾನವಾಗಿ ಇಳಿದಿದ್ದರೆ ಅವಸರವಿಲ್ಲ. ಆದರೆ ಒಂದೆರಡು ದಿನಗಳಲ್ಲಿ ಒಂದು ಕಡೆಯ ರೆಪ್ಪೆ ಇಳಿದು, ಜೊತೆಗೆ ತಲೆನೋವು, ಒಂದು ವಸ್ತು ಎರಡಾಗಿ ಕಾಣುವುದು ಅಥವಾ ಪಾಪೆ ದೊಡ್ಡದಾಗಿರುವುದು ಕಂಡುಬಂದರೆ ಅದು ಮಿದುಳಿನ ನರ ಅಥವಾ ರಕ್ತನಾಳದ ತೊಂದರೆಯ ಸೂಚನೆಯಾಗಿರಬಹುದು. ಸೌಂದರ್ಯ ಚಿಕಿತ್ಸಾಲಯವನ್ನು ಮರೆತು ಅದೇ ದಿನ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಮುಂಜಾನೆ ಸರಿಯಿದ್ದು ಸಂಜೆಗೆ ಹೆಚ್ಚು ಇಳಿಯುವ ರೆಪ್ಪೆ ಮಯಸ್ತೇನಿಯಾ ಗ್ರೇವಿಸ್, ಅಂದರೆ ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆಯ ಲಕ್ಷಣವಿರಬಹುದು. ಅದಕ್ಕೆ ಮೊದಲು ಬೇಕಾದದ್ದು ಔಷಧ, ಕತ್ತರಿಯಲ್ಲ.

ಹಂತ 2: ನೀವು ಮುಂದೂಡಬೇಕಾದವರೇ ಎಂದು ನೋಡಿಕೊಳ್ಳಿ

ಒಣಗಣ್ಣು ಇರುವವರು ಈ ಪಟ್ಟಿಯಲ್ಲಿ ಮೊದಲಿಗರು. ಕಣ್ಣಿನಲ್ಲಿ ಉಸುಕು ಬಿದ್ದಂತೆ ಚುಚ್ಚುವುದು, ಉರಿ, ಗಾಳಿಗೆ ಹೋದೊಡನೆ ನೀರು ಸುರಿಯುವುದು ಇದರ ಲಕ್ಷಣಗಳು. ನೀರು ಸುರಿಯುವ ಕಣ್ಣು ಒಣಗಣ್ಣು ಹೇಗಾದೀತು ಎಂದು ಹಲವರು ಕೇಳುತ್ತಾರೆ. ಕಣ್ಣಿನ ಮೇಲ್ಮೈ ಒಣಗಿ ಕೆರಳಿದಾಗ ಗ್ರಂಥಿ ಒಮ್ಮೆಲೇ ತೆಳುವಾದ ನೀರನ್ನು ಹರಿಸುತ್ತದೆ, ಅದು ಅಂಟಿ ನಿಲ್ಲದೆ ಹರಿದುಹೋಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ರೆಪ್ಪೆ ಪೂರ್ತಿ ಮಿಟುಕದಿರುವುದರಿಂದ ಈ ತೊಂದರೆ ಉಲ್ಬಣಿಸುತ್ತದೆ. ವಿಜಯಪುರದ ಕಡೆಯ ಬಿಸಿಗಾಳಿ, ಬೆಳಗಾವಿ–ಬಾಗಲಕೋಟೆ ಸೀಮೆಯ ಆಲೆಮನೆಯ ಹೊಗೆ ಮತ್ತು ಕಬ್ಬಿನ ರವದಿ ಸುಡುವ ಬೂದಿ ಇವುಗಳ ನಡುವೆ ಬದುಕುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಥೈರಾಯ್ಡಿಗೆ ಸಂಬಂಧಿಸಿದ ಕಣ್ಣಿನ ಕಾಯಿಲೆಯಿದ್ದರೆ ಅದು ಕನಿಷ್ಠ 6 ತಿಂಗಳು ಏರಿಳಿತವಿಲ್ಲದೆ ಸ್ಥಿರವಾಗಿರಬೇಕು. ಕನ್ನಡಕ ತಪ್ಪಿಸಲು ಲೇಸಿಕ್ ಚಿಕಿತ್ಸೆ ಮಾಡಿಸಿಕೊಂಡವರಿಗೂ ಸುಮಾರು 6 ತಿಂಗಳು ಕಾಯಲು ವೈದ್ಯರು ಹೇಳುತ್ತಾರೆ. ಗ್ಲಾಕೋಮಾಕ್ಕೆ, ಅಂದರೆ ಕಣ್ಣಿನ ಒತ್ತಡದ ಕಾಯಿಲೆಗೆ, ಬಿಮಟೊಪ್ರೊಸ್ಟ್‌ನಂಥ ಹನಿ ಹಾಕುತ್ತಿರುವವರು ಅದನ್ನು ತಪ್ಪದೆ ತಿಳಿಸಬೇಕು. ಆ ಹನಿಯಿಂದ ರೆಪ್ಪೆಯ ಮೇಲ್ಭಾಗ ಗುಳಿಬೀಳುವುದುಂಟು, ಅಂಥ ಕಣ್ಣಿನಿಂದ ಮತ್ತೆ ಕೊಬ್ಬು ತೆಗೆದರೆ ಗುಳಿ ಇನ್ನಷ್ಟು ಆಳವಾಗುತ್ತದೆ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇದ್ದವರು ಮೊದಲು ಅವನ್ನು ಹತೋಟಿಗೆ ತರಲಿ. ಮಗನ ಮದುವೆ ಇನ್ನೆರಡು ವಾರಕ್ಕಿದೆ, ಅಷ್ಟರೊಳಗೆ ಮುಖ ಕಳೆಯೇರಬೇಕು ಎನ್ನುವವರಿಗೆ ನನ್ನ ಸಲಹೆ ಒಂದೇ: ಮದುವೆ ಮುಗಿಯಲಿ.

ಹಂತ 3: ಯಾರ ಕೈಗೆ ಕಣ್ಣು ಕೊಡುತ್ತೀರಿ?

ಈ ಕೆಲಸಕ್ಕೆ ತರಬೇತಾದವರು ಮುಖ್ಯವಾಗಿ ಎರಡು ಬಗೆ. ಒಬ್ಬರು ನೇತ್ರಶಾಸ್ತ್ರದಲ್ಲಿ ಎಂಎಸ್ ಅಥವಾ ಡಿಎನ್‌ಬಿ ಮುಗಿಸಿ, ಆಮೇಲೆ ರೆಪ್ಪೆ, ಕಣ್ಣೀರಿನ ನಾಳ ಮತ್ತು ಕಣ್ಣುಗೂಡಿನ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಿನ ತರಬೇತಿ ಪಡೆದವರು. ಇವರನ್ನು ಆಕ್ಯುಲೋಪ್ಲಾಸ್ಟಿ ತಜ್ಞರು ಎನ್ನುತ್ತಾರೆ. ಇನ್ನೊಬ್ಬರು ಎಂ.ಸಿಎಚ್ ಪದವಿಯ ಪ್ಲಾಸ್ಟಿಕ್ ಸರ್ಜನ್. ಇಬ್ಬರಲ್ಲಿ ಯಾರಾದರೂ ಸರಿ. ಆದರೆ ಒಣಗಣ್ಣು, ಟೋಸಿಸ್ ಅಥವಾ ಬೇರಾವುದೇ ನೇತ್ರ ಕಾಯಿಲೆಯ ಶಂಕೆಯಿದ್ದರೆ ನಾನು ಮೊದಲನೆಯವರ ಕಡೆಗೇ ವಾಲುತ್ತೇನೆ, ಏಕೆಂದರೆ ರೆಪ್ಪೆಯ ಹಿಂದಿರುವ ಕಣ್ಣನ್ನು ಕೂಡ ಅವರೇ ನೋಡಬಲ್ಲರು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ನಗರಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಅವುಗಳಿಗೆ ಸೇರಿದ ಆಸ್ಪತ್ರೆಗಳಲ್ಲಿ ನೇತ್ರ ವಿಭಾಗಗಳಿವೆ. ಮೊದಲ ತಪಾಸಣೆಗೆ ಅಲ್ಲಿಗೆ ಹೋಗುವುದು ಜಾಣತನ. ಖರ್ಚು ಕಡಿಮೆ, ಮತ್ತು ಶಸ್ತ್ರಚಿಕಿತ್ಸೆ ಮಾರುವ ಆತುರ ಅಲ್ಲಿ ಇರುವುದಿಲ್ಲ. ಅಲ್ಲಿಂದ ಮುಂದೆ ಹುಬ್ಬಳ್ಳಿ, ಬೆಂಗಳೂರು, ಅಥವಾ ನಮ್ಮವರು ವಾಡಿಕೆಯಂತೆ ಹೋಗುವ ಮೀರಜ, ಸೊಲ್ಲಾಪುರ, ಪುಣೆಯ ಕಡೆಗೆ ಕಳಿಸಬೇಕೇ ಎಂಬುದನ್ನು ತಪಾಸಣೆ ಮಾಡಿದವರೇ ಹೇಳಲಿ.

ವೈದ್ಯರ ನೋಂದಣಿ ಸಂಖ್ಯೆ ಕೇಳುವುದು ಅಪಮಾನವಲ್ಲ, ನಿಮ್ಮ ಹಕ್ಕು. ಕರ್ನಾಟಕದಲ್ಲಿ ಯಾವುದೇ ಖಾಸಗಿ ಆಸ್ಪತ್ರೆ, ಚಿಕಿತ್ಸಾಲಯ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು, ಆ ಪ್ರಮಾಣಪತ್ರ ಎದ್ದು ಕಾಣುವಂತೆ ಗೋಡೆಯ ಮೇಲಿರಬೇಕು. ‘ಕಾಸ್ಮೆಟಾಲಜಿಸ್ಟ್’ ಎಂಬ ಫಲಕವನ್ನಷ್ಟೇ ನಂಬಬೇಡಿ. ಅದು ಶಸ್ತ್ರಚಿಕಿತ್ಸೆಯ ಪದವಿಯಲ್ಲ. ಶಸ್ತ್ರಚಿಕಿತ್ಸೆ ಇಲ್ಲದೆಯೇ ರೆಪ್ಪೆ ಬಿಗಿ ಮಾಡುತ್ತೇವೆಂದು ಕೆಲವು ಬ್ಯೂಟಿ ಪಾರ್ಲರುಗಳು ಪ್ಲಾಸ್ಮಾ ಪೆನ್ ಎಂಬ ಸಾಧನವನ್ನು ಬಳಸುತ್ತವೆ. ಅದು ಕಿಡಿಯಿಂದ ಚರ್ಮವನ್ನು ಚುಕ್ಕೆ ಚುಕ್ಕೆಯಾಗಿ ಸುಡುವ ಕ್ರಮ. ನಮ್ಮಂಥ ಕಂದು ಚರ್ಮದವರಿಗೆ ಸುಟ್ಟ ಜಾಗದಲ್ಲಿ ಕಪ್ಪು ಕಲೆ ಉಳಿಯುವ ಸಂಭವ ಹೆಚ್ಚು, ಕಣ್ಣುಗುಡ್ಡೆ ಅಲ್ಲಿಂದ ಕೂದಲೆಳೆಯಷ್ಟೇ ದೂರ. ಇನ್ನು ಕ್ರೀಮುಗಳು: ಜೋತುಬಿದ್ದ ಚರ್ಮವನ್ನು ಕಡಿಮೆ ಮಾಡುವ ಕ್ರೀಮು ಯಾವುದೂ ಇಲ್ಲ.

ಹಂತ 4: ಮೊದಲ ಭೇಟಿಯಲ್ಲಿ ಏನೇನು ಅಳೆಯಬೇಕು

ಹತ್ತು–ಹದಿನೈದು ವರ್ಷ ಹಿಂದಿನ ನಿಮ್ಮ ಫೋಟೊಗಳನ್ನು ಒಯ್ಯಿರಿ. ಮದುವೆಯ ಆಲ್ಬಮ್ಮಿನದೋ ಗುರುತಿನ ಚೀಟಿಯದೋ ಸಾಕು. ನಿಮ್ಮ ಕಣ್ಣು ಮೊದಲಿನಿಂದಲೂ ಹೀಗೆಯೇ ಇತ್ತೇ, ಎರಡು ಕಣ್ಣುಗಳ ನಡುವೆ ಮೊದಲೇ ವ್ಯತ್ಯಾಸವಿತ್ತೇ ಎಂಬುದು ಅವುಗಳಿಂದ ತಿಳಿಯುತ್ತದೆ. ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಚೀಟಿಯೂ ಕೈಯಲ್ಲಿರಲಿ, ಆಯುರ್ವೇದದ್ದೂ ಸೇರಿದಂತೆ.

ಒಳ್ಳೆಯ ವೈದ್ಯರು ದೃಷ್ಟಿ ಮತ್ತು ಕಣ್ಣಿನ ಒತ್ತಡ ಪರೀಕ್ಷಿಸಿ, ಆಮೇಲೆ ಸಣ್ಣ ಅಳತೆಪಟ್ಟಿ ಕೈಗೆತ್ತಿಕೊಳ್ಳುತ್ತಾರೆ. ಪಾಪೆಯ ನಡುವಿನಿಂದ ರೆಪ್ಪೆಯಂಚಿಗೆ ಇರುವ ಅಂತರ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರು. ಅದು 2 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ರೆಪ್ಪೆ ಸಾಕಷ್ಟು ಇಳಿದಿದೆ ಎಂದರ್ಥ. ಹುಬ್ಬನ್ನು ಅದುಮಿ ಹಿಡಿದು ಕೆಳಗೆ ನೋಡಿ, ಮೇಲೆ ನೋಡಿ ಎಂದು ಹೇಳಿ ಲಿವೇಟರ್ ಸ್ನಾಯು ಎಷ್ಟು ಎಳೆಯುತ್ತದೆಂದು ಅಳೆಯುತ್ತಾರೆ. 12 ಮಿಲಿಮೀಟರು ದಾಟಿದರೆ ಸ್ನಾಯು ಗಟ್ಟಿಯಾಗಿದೆ. ಒಂದು ರೆಪ್ಪೆ ಇಳಿದಿದ್ದಾಗ ಮಿದುಳು ಎರಡೂ ಕಡೆಗೆ ಸಮನಾಗಿ ಹೆಚ್ಚು ಸಂದೇಶ ಕಳಿಸುತ್ತಿರುತ್ತದೆ. ಆದ್ದರಿಂದ ಇಳಿದ ರೆಪ್ಪೆಯನ್ನು ಎತ್ತಿ ಹಿಡಿದಾಗ ಇನ್ನೊಂದು ಕಣ್ಣಿನ ರೆಪ್ಪೆ ಕೆಳಗಿಳಿಯುವುದೇ ಎಂದೂ ನೋಡಬೇಕು. ನೋಡದಿದ್ದರೆ ಒಂದನ್ನು ಸರಿಪಡಿಸಿದ ಮರುವಾರ ಇನ್ನೊಂದು ಇಳಿದು ಕಾಣುತ್ತದೆ.

ಕಣ್ಣೀರಿನ ಅಳತೆಗೆ ಷರ್ಮರ್ ಪರೀಕ್ಷೆ ಎಂಬ ಸರಳ ಕ್ರಮವಿದೆ: ಕಿರಿದಾದ ಶೋಧಕ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷ ಬಿಟ್ಟು ಎಷ್ಟು ಉದ್ದ ಒದ್ದೆಯಾಗಿದೆ ಎಂದು ನೋಡುತ್ತಾರೆ. 10 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅನುಮಾನ, 5ಕ್ಕಿಂತ ಕಡಿಮೆಯಿದ್ದರೆ ಒಣಗಣ್ಣು ತೀವ್ರವಾಗಿದೆ. ಕಣ್ಣು ಮುಚ್ಚಿದಾಗ ಗುಡ್ಡೆ ತಾನಾಗಿ ಮೇಲಕ್ಕೆ ಹೊರಳುತ್ತದೆಯೇ ಎಂಬುದನ್ನೂ ಗಮನಿಸುತ್ತಾರೆ. ಬೆಲ್ ಸೂಚನೆ ಎಂದು ಕರೆಯುವ ಈ ಹೊರಳಾಟ ಚೆನ್ನಾಗಿದ್ದವರಿಗೆ, ರೆಪ್ಪೆ ಕೆಲವು ದಿನ ಪೂರ್ತಿ ಮುಚ್ಚದಿದ್ದರೂ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಸುರಕ್ಷಿತವಾಗಿರುತ್ತದೆ. ಮಡಿಕೆಯ ಚರ್ಮ ನೋಟಕ್ಕೆ ಅಡ್ಡಬರುತ್ತಿದೆ ಎಂಬ ದೂರಿದ್ದರೆ ದೃಷ್ಟಿಕ್ಷೇತ್ರದ ಪರೀಕ್ಷೆಯನ್ನು ಎರಡು ಸಲ ಮಾಡಿಸಿ: ಒಮ್ಮೆ ಇದ್ದಂತೆಯೇ, ಇನ್ನೊಮ್ಮೆ ಚರ್ಮವನ್ನು ಟೇಪಿನಿಂದ ಮೇಲಕ್ಕೆ ಎತ್ತಿ. ಎರಡರ ನಡುವಿನ ವ್ಯತ್ಯಾಸ ಮುಂದೆ ವಿಮೆಯ ಮಾತಿಗೂ ಬೇಕಾಗುತ್ತದೆ.

ಕೊನೆಗೆ ಒಂದು ಪ್ರಶ್ನೆಯನ್ನು ನೀವೇ ಕೇಳಿರಿ: ‘ಎಷ್ಟು ಚರ್ಮ ಉಳಿಸುತ್ತೀರಿ?’ ಹುಬ್ಬಿನ ಕೆಳಗಿನಂಚಿನಿಂದ ರೆಪ್ಪೆಗೂದಲಿನವರೆಗೆ ಸುಮಾರು 20 ಮಿಲಿಮೀಟರು ಚರ್ಮ ಉಳಿಯಬೇಕೆಂಬುದು ಶಸ್ತ್ರವೈದ್ಯರು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ಎಷ್ಟು ತೆಗೆಯುತ್ತೇನೆ ಎಂದು ಹೇಳಿಕೊಳ್ಳುವವರಿಗಿಂತ ಎಷ್ಟು ಉಳಿಸುತ್ತೇನೆ ಎಂದು ವಿವರಿಸುವವರಲ್ಲಿ ನನಗೆ ಹೆಚ್ಚು ನಂಬಿಕೆ. ಗಂಡಸರು ಇನ್ನೊಂದು ಮಾತು ಸೇರಿಸಬೇಕು. ಅವರ ರೆಪ್ಪೆಯ ಗೆರೆ ಹೆಂಗಸರದಕ್ಕಿಂತ ಕೆಳಗಿರುತ್ತದೆ, ಸುಮಾರು 6ರಿಂದ 8 ಮಿಲಿಮೀಟರು ಎತ್ತರದಲ್ಲಿ. ಅದನ್ನು ಮೇಲಕ್ಕೆ ಒಯ್ದರೆ ಮುಖಚಹರೆಯೇ ಬದಲಾಗುತ್ತದೆ.

ಹಂತ 5: ಹಣ, ವಿಮೆ, ಒಪ್ಪಿಗೆ ಪತ್ರ

ಚೆಲುವಿಗಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಹಣ ಕೊಡುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆ ಅಥವಾ ವೈದ್ಯಕೀಯ ಅಗತ್ಯ ಇವುಗಳಿಗೆ ಮಾತ್ರ ವಿನಾಯಿತಿ. ನೋಟಕ್ಕೆ ಅಡ್ಡಿಯಾಗುವ ಟೋಸಿಸ್ ಅಥವಾ ಚರ್ಮದ ಮಡಿಕೆಯನ್ನು ಅಗತ್ಯವೆಂದು ವಾದಿಸಲು ಅವಕಾಶವಿದೆ, ಆದರೆ ದೃಷ್ಟಿಕ್ಷೇತ್ರದ ವರದಿ ಮತ್ತು ಫೋಟೊಗಳೊಂದಿಗೆ ಮುಂಗಡ ಅನುಮತಿ ಪಡೆದೇ ಮುಂದುವರಿಯಬೇಕು. ಸಾಮಾನ್ಯ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲದಿದ್ದರೂ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಶೇ 18ರಷ್ಟು ಜಿಎಸ್‌ಟಿ ಬೀಳುತ್ತದೆ. ಹೇಳಿದ ಮೊತ್ತದಲ್ಲಿ ಅದು ಸೇರಿದೆಯೇ ಎಂದು ಕೇಳದೆ ಬಿಟ್ಟವರು ಬಿಲ್ಲು ನೋಡಿ ಬೆಚ್ಚುತ್ತಾರೆ. ಶಸ್ತ್ರವೈದ್ಯರ ಶುಲ್ಕ, ಕೊಠಡಿ, ಅರಿವಳಿಕೆ, ಔಷಧ, ಹೊಲಿಗೆ ಬಿಚ್ಚುವ ಭೇಟಿ, ಮುಂದೆ ಸಣ್ಣ ತಿದ್ದುಪಡಿ ಬೇಕಾದರೆ ಅದರ ಖರ್ಚು, ಎಲ್ಲವೂ ಒಂದೇ ಕಾಗದದ ಮೇಲೆ ಬರಹದಲ್ಲಿರಲಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ತಿಳಿಸುವವರೆಗೆ ಸಹಿ ಮಾಡಬೇಡಿ, ಶಸ್ತ್ರಚಿಕಿತ್ಸೆಯ ಬಟ್ಟೆ ತೊಡಿಸಿದ ಮೇಲೆ ಮುಂದೆ ಹಿಡಿದ ಪತ್ರಕ್ಕಂತೂ ಬೇಡವೇ ಬೇಡ.

ಹಂತ 6: ಎರಡು ವಾರ ಮುಂಚಿನ ತಯಾರಿ

ರೆಪ್ಪೆಯ ಶಸ್ತ್ರಚಿಕಿತ್ಸೆಯ ದೊಡ್ಡ ಶತ್ರು ರಕ್ತಸ್ರಾವ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆ ನುಂಗುತ್ತಿರುವವರು ಅದನ್ನು ಮುಚ್ಚಿಡಬಾರದು, ತಾವೇ ನಿಲ್ಲಿಸಲೂಬಾರದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಕುತ್ತು. ನಿಲ್ಲಿಸಬಹುದೇ, ಎಷ್ಟು ದಿನ ಎಂಬುದನ್ನು ಆ ಮಾತ್ರೆ ಬರೆದ ಹೃದಯತಜ್ಞರೇ ಬರಹದಲ್ಲಿ ತಿಳಿಸಬೇಕು. ಅವರು ಬೇಡವೆಂದರೆ ಚೆಲುವಿನ ಶಸ್ತ್ರಚಿಕಿತ್ಸೆಯನ್ನು ಕೈಬಿಡುವುದೇ ಸರಿ. ಮೊಣಕಾಲು ನೋವಿಗೆಂದು ಔಷಧದಂಗಡಿಯಲ್ಲಿ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು, ವಿಟಮಿನ್ ಇ, ಮೀನೆಣ್ಣೆ ಮತ್ತು ಬೆಳ್ಳುಳ್ಳಿಯ ಗುಳಿಗೆಗಳೂ ರಕ್ತಸ್ರಾವ ಹೆಚ್ಚಿಸಬಲ್ಲವು. ಅಡುಗೆಯ ಒಗ್ಗರಣೆಗೆ ಹಾಕುವ ಬೆಳ್ಳುಳ್ಳಿಯ ಬಗ್ಗೆ ಚಿಂತೆ ಬೇಡ.

ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ ಎಲ್ಲವನ್ನೂ ಬಿಡಬೇಕು. ಹೊಗೆಯಿಲ್ಲದ ತಂಬಾಕು ಗಾಯಕ್ಕೆ ಏನೂ ಮಾಡದು ಎಂಬ ನಂಬಿಕೆ ತಪ್ಪು. ನಿಕೋಟಿನ್ ಯಾವ ದಾರಿಯಿಂದ ಒಳಹೋದರೂ ಸಣ್ಣ ರಕ್ತನಾಳಗಳನ್ನು ಸಂಕುಚಿಸಿ ಗಾಯ ಮಾಯುವುದನ್ನು ತಡಮಾಡುತ್ತದೆ. ದಿನಾಂಕ ಆರಿಸುವಾಗ ನಮ್ಮ ಹವೆಯನ್ನೂ ನೆನಪಿಡಿ. ಏಪ್ರಿಲ್–ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ, ಬೆವರು ಹೊಲಿಗೆಗೆ ಇಳಿಯುತ್ತದೆ. ಹಿಂಗಾರಿ ಜೋಳದ ರಾಶಿ, ಕಡಲೆ ಒಕ್ಕಣೆ ನಡೆಯುವ ದಿನಗಳಲ್ಲಿ ಹೊಟ್ಟಿನ ಧೂಳು ತಪ್ಪಿದ್ದಲ್ಲ. ಹೊಲದ ಕೆಲಸದವರು ಸುಗ್ಗಿ ಮುಗಿಸಿ, ಅಥವಾ ಮಳೆಗಾಲ ಕಳೆದ ಮೇಲಿನ ತಂಪು ದಿನಗಳಲ್ಲಿ ಗೊತ್ತುಮಾಡಿಕೊಂಡರೆ ಮೇಲು.

ಹಂತ 7: ಶಸ್ತ್ರಚಿಕಿತ್ಸೆಯ ದಿನ

ಕಾಡಿಗೆ, ವಿಭೂತಿ, ಎಣ್ಣೆ ಏನೂ ಮುಖದ ಮೇಲಿರಬಾರದು. ತಲೆಸ್ನಾನ ಹಿಂದಿನ ದಿನವೇ ಆಗಲಿ. ಬಿ.ಪಿ. ಮಾತ್ರೆಯನ್ನು ವೈದ್ಯರು ಹೇಳಿದಂತೆ ತೆಗೆದುಕೊಳ್ಳಿ.

ಚರ್ಮದ ಮೇಲೆ ಗೆರೆ ಎಳೆಯುವ ಕೆಲಸ ನಿಮ್ಮನ್ನು ನೆಟ್ಟಗೆ ಕೂರಿಸಿಕೊಂಡು ಆಗಬೇಕು, ಏಕೆಂದರೆ ಮಲಗಿದಾಗ ಹುಬ್ಬು ಮೇಲಕ್ಕೆ ಸರಿದು ಲೆಕ್ಕ ತಪ್ಪುತ್ತದೆ. ಆಮೇಲೆ ರೆಪ್ಪೆಗೆ ಅರಿವಳಿಕೆಯ ಚುಚ್ಚುಮದ್ದು ಕೊಡುತ್ತಾರೆ. ಇಡೀ ಪ್ರಕ್ರಿಯೆಯಲ್ಲಿ ನೋವೆನಿಸುವುದು ಅದೊಂದೇ. ಅರ್ಧ ನಿಮಿಷ ಉರಿದು ಮರಗಟ್ಟುತ್ತದೆ. ಪೂರ್ತಿ ಎಚ್ಚರ ತಪ್ಪಿಸದಿರಲು ಕಾರಣವಿದೆ: ನಡುನಡುವೆ ಕಣ್ಣು ತೆರೆಸಿ ಮುಚ್ಚಿಸಿ ಎರಡೂ ಕಡೆ ಸಮವಾಗಿದೆಯೇ ಎಂದು ನೋಡಬೇಕಾಗುತ್ತದೆ. ಛೇದನ ರೆಪ್ಪೆಯ ಸಹಜ ಗೆರೆಯಲ್ಲಿಯೇ ಆಗುವುದರಿಂದ ಕಲೆ ಮಡಿಕೆಯೊಳಗೆ ಅಡಗುತ್ತದೆ. ರಕ್ತನಾಳಗಳನ್ನು ಸುಟ್ಟು ಮುಚ್ಚುವಾಗ ಸುಟ್ಟ ವಾಸನೆ ಬರುತ್ತದೆ, ಹೆದರಬೇಡಿ. ರೆಪ್ಪೆಯ ಒಳಮೂಲೆಯ ಕೊಬ್ಬು ಬಿಳಿಚಿ, ನಡುವಿನದು ಹಳದಿ. ಹೊರಮೂಲೆಯಲ್ಲಿ ಇರುವುದು ಕೊಬ್ಬಲ್ಲ, ಕಣ್ಣೀರಿನ ಗ್ರಂಥಿ. ಅದನ್ನು ಗುರುತಿಸಿ ಬಿಡುವ ಕೈಗೆ ನೀವು ಹಣ ಕೊಡುತ್ತಿರುವುದು. ಎರಡೂ ಕಣ್ಣಿಗೆ ಸೇರಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ.

ಹಂತ 8: ಮೊದಲ ರಾತ್ರಿ ಮತ್ತು ಮರುದಿನ

ಈ ಹಂತವನ್ನು ಮನೆಯವರೂ ಓದಲಿ. ಅಪರೂಪಕ್ಕೆ, ಸಾವಿರಾರು ಜನರಲ್ಲಿ ಒಬ್ಬರಿಗೆ, ಕಣ್ಣುಗುಡ್ಡೆಯ ಹಿಂದೆ ರಕ್ತ ಶೇಖರಣೆಯಾಗಿ ದೃಷ್ಟಿನರದ ಮೇಲೆ ಒತ್ತಡ ಬೀಳುತ್ತದೆ. ಇದು ಹೆಚ್ಚಾಗಿ ಮೊದಲ 24 ಗಂಟೆಗಳೊಳಗೆ ಆಗುವಂಥದ್ದು, ಒತ್ತಡವನ್ನು ಒಂದೆರಡು ಗಂಟೆಯೊಳಗೆ ಇಳಿಸದಿದ್ದರೆ ಶಾಶ್ವತವಾಗಿ ದೃಷ್ಟಿ ಹೋಗಬಹುದು. ಒಂದು ಕಣ್ಣಿನಲ್ಲಿ ಏರುತ್ತಲೇ ಹೋಗುವ ತೀವ್ರ ನೋವು, ಕಲ್ಲಿನಂತೆ ಬಿಗಿಯಾದ ಊತ, ಗುಡ್ಡೆ ಮುಂದಕ್ಕೆ ತಳ್ಳಿದಂತಾಗುವುದು, ನೋಟ ಮಬ್ಬಾಗುವುದು, ವಾಂತಿ ಇವು ಅದರ ಲಕ್ಷಣಗಳು. ಬೆಳಗಾಗಲಿ ಎಂದು ಕಾಯಬಾರದು, ನೋವಿನ ಮಾತ್ರೆ ಕೊಟ್ಟು ಮಲಗಿಸಬಾರದು. ಎರಡೆರಡು ಗಂಟೆಗೊಮ್ಮೆ ಒಂದೊಂದೇ ಕಣ್ಣು ಮುಚ್ಚಿಸಿ ಎದುರಿನವರ ಬೆರಳು ಎಣಿಸುವಂತೆ ಹೇಳಿ. ಮುಲಾಮಿನಿಂದ ತುಸು ಮಸುಕಿರಬಹುದು, ಬೆರಳಂತೂ ಕಾಣಲೇಬೇಕು.

ಆದ್ದರಿಂದಲೇ, ಹುಬ್ಬಳ್ಳಿಯಲ್ಲೋ ಸೊಲ್ಲಾಪುರದಲ್ಲೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅದೇ ಸಂಜೆಯ ಬಸ್ಸಿಗೆ ತಾಳಿಕೋಟೆ, ರಾಮದುರ್ಗದಂಥ ಊರುಗಳಿಗೆ ಮರಳುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಲಾಡ್ಜಿನ ಬಾಡಿಗೆ ಉಳಿಸಲು ಹೋಗಬೇಡಿ; ಮೊದಲ ರಾತ್ರಿ ಅದೇ ಊರಿನಲ್ಲಿ ಉಳಿದು, ರಾತ್ರಿಯೂ ಎತ್ತುವಂಥ ಫೋನ್ ಸಂಖ್ಯೆಯನ್ನು ವೈದ್ಯರಿಂದ ಮೊದಲೇ ಪಡೆದಿರಿ.

ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಅಂಗಾತ ಮಲಗಿ. ಮೊದಲ 48 ಗಂಟೆ, ಎಚ್ಚರವಿದ್ದಾಗ ಗಂಟೆಗೊಮ್ಮೆ ಹತ್ತು ನಿಮಿಷ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆಯನ್ನು ಒತ್ತದೆ ಇಡಿ. ಐಸನ್ನು ನೇರವಾಗಿ ಇಡಬಾರದು. ಮರಗಟ್ಟಿದ ಚರ್ಮಕ್ಕೆ ಅತಿಯಾದ ತಣುವು ತಿಳಿಯದೆ ಗಾಯವಾಗುತ್ತದೆ.

ಹಂತ 9: ಹೊಲಿಗೆ ಬಿಚ್ಚುವವರೆಗೆ ಮತ್ತು ಆಮೇಲೆ

ಹೊಲಿಗೆಯನ್ನು ಸಾಮಾನ್ಯವಾಗಿ 5ರಿಂದ 7ನೇ ದಿನದೊಳಗೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ತಲೆ ಬಗ್ಗಿಸುವ, ಉಸಿರು ಬಿಗಿಹಿಡಿಯುವ ಕೆಲಸ ಬೇಡ. ನೀರಿನ ಕೊಡ ಎತ್ತುವುದು, ಕಸ ಹೊಡೆಯುವುದು, ಸಾಷ್ಟಾಂಗ ನಮಸ್ಕಾರ, ನಮಾಜಿನ ಸಜ್ದಾ ಎಲ್ಲವೂ ಈ ಪಟ್ಟಿಯಲ್ಲಿ ಸೇರುತ್ತವೆ. ಕೂತಲ್ಲಿಯೇ ಕೈಮುಗಿಯಬಹುದು, ನಮಾಜನ್ನು ಕುರ್ಚಿಯಲ್ಲಿ ಕೂತು ಮಾಡಬಹುದು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು ಬಿಡಿಸಿ ಹೇಳಬೇಕು: ರೊಟ್ಟಿ ಬಡಿಯುವುದನ್ನು ಎರಡು ವಾರ ಬೇರೆಯವರು ನೋಡಿಕೊಳ್ಳಲಿ. ಬಗ್ಗಿದ ತಲೆ, ತೋಳಿನ ಬಿರುಸು, ಹಂಚಿನ ಝಳ, ಒಲೆಯ ಹೊಗೆ, ಹಾರುವ ಹಿಟ್ಟು ಈ ಐದೂ ಒಂದೇ ಕಡೆ ಕೂಡುವ ಕೆಲಸ ಮನೆಯಲ್ಲಿ ಮತ್ತೊಂದಿಲ್ಲ. ಖಾನಾವಳಿಯಿಂದ ತರಿಸಿದರೆ ಯಾರೂ ಏನೂ ಅನ್ನುವುದಿಲ್ಲ, ಅಂದರೂ ಅನ್ನಲಿ.

ಹನಿ, ಮುಲಾಮುಗಳನ್ನು ಚೀಟಿಯಲ್ಲಿದ್ದಂತೆಯೇ ಹಾಕಿ. ಜೇನುತುಪ್ಪ, ಹರಳೆಣ್ಣೆ, ಎದೆಹಾಲು, ಅರಿಷಿನದ ನೀರು ಇವು ಯಾವುವೂ ಹೊಲಿಗೆಯ ಹತ್ತಿರ ಸುಳಿಯಬಾರದು. ಸ್ಟಿರಾಯ್ಡ್ ಬೆರೆತ ಮುಲಾಮನ್ನು ಮುಗಿದ ಮೇಲೆ ನೀವೇ ಮತ್ತೆ ಕೊಂಡು ಮುಂದುವರಿಸಬೇಡಿ. ಕಣ್ಣಿನ ಒತ್ತಡ ಸದ್ದಿಲ್ಲದೆ ಏರುತ್ತದೆ. ಎರಡು–ಮೂರು ದಿನಗಳ ನಂತರ ಊತ ಇಳಿಯುವ ಬದಲು ಕೆಂಪು, ನೋವು, ಕೀವು, ಜ್ವರ ಕಂಡರೆ ಅದು ಸೋಂಕು, ಅಂದೇ ತೋರಿಸಿ.

ನೀಲಿಗಟ್ಟಿದ ಕಲೆ ಬಹುತೇಕ 10ರಿಂದ 14 ದಿನಗಳಲ್ಲಿ ಹೋಗುತ್ತದೆ. ಕಾಡಿಗೆ ಮತ್ತು ಪ್ರಸಾಧನಕ್ಕೆ ಎರಡು ವಾರ, ಭಾರದ ವ್ಯಾಯಾಮಕ್ಕೆ ಮೂರು ವಾರ, ಬಾವಿ–ಹೊಳೆಯ ಈಜಿಗೆ ಒಂದು ತಿಂಗಳು ತಡೆಯಿರಿ. ಬೈಕಿನ ಮೇಲೆ ಹೋಗುವಾಗ ಹೆಲ್ಮೆಟ್ಟಿನ ಗಾಜು ಕೆಳಗಿರಲಿ, ಬಿಸಿಲಿಗೆ ಕಪ್ಪು ಕನ್ನಡಕ ಇರಲಿ. ಮಲಗಿದಾಗ ರೆಪ್ಪೆ ಕೂದಲೆಳೆಯಷ್ಟು ತೆರೆದಿರುವುದು ಮೊದಲ ಕೆಲವು ವಾರ ಸಹಜ. ಅದಕ್ಕೆ ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಜೆಲ್ ಕೊಡುತ್ತಾರೆ. ಗೆರೆಯ ಗುಂಟ ಅಕ್ಕಿನುಚ್ಚಿನಷ್ಟು ಬಿಳಿ ಗುಳ್ಳೆ ಬಂದರೆ ಉಗುರಿನಿಂದ ಕೀಳದೆ ವೈದ್ಯರಿಗೆ ಬಿಡಿ.

ಮೂರನೆಯ ವಾರ ಕನ್ನಡಿ ನೋಡಿ ಎರಡು ಕಣ್ಣು ಒಂದೇ ಸಮ ಇಲ್ಲ ಎಂದು ದಿಗಿಲಾಗುವವರು ಬಹಳ. ಊತ ಎರಡೂ ಕಡೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ, ಕಲೆಯ ಕೆಂಪು ಒಂದೆರಡು ತಿಂಗಳು ಇರುತ್ತದೆ, ಅಂತಿಮ ರೂಪ ನೆಲೆಗೊಳ್ಳಲು 3ರಿಂದ 6 ತಿಂಗಳು ಬೇಕು. ಕಣ್ಣು ಮುಚ್ಚದೆ ಕಾರ್ನಿಯಾ ಒಣಗುತ್ತಿರುವಂಥ ತುರ್ತು ಇದ್ದರೆ ಮಾತು ಬೇರೆ. ಇಲ್ಲವಾದರೆ ತಿದ್ದುಪಡಿಯ ಮಾತನ್ನು 6 ತಿಂಗಳಿಗಿಂತ ಮೊದಲು ಎತ್ತುವ ವೈದ್ಯರಿಂದ ದೂರವಿರಿ.

ನಿಜವಾಗಿಯೂ ಕೆಲಸ ಕೆಟ್ಟಿದೆ ಎನಿಸಿದರೆ ಮೊದಲು ಚಿಕಿತ್ಸೆಯ ದಾಖಲೆಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ; ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯಕೀಯ ನಿಯಮ. ಅವನ್ನು ಹಿಡಿದು ಬೇರೆ ಊರಿನ ಆಕ್ಯುಲೋಪ್ಲಾಸ್ಟಿ ತಜ್ಞರ ಅಭಿಪ್ರಾಯ ಪಡೆದ ಮೇಲೆ, ಬೇಕಾದರೆ ಜಿಲ್ಲಾಧಿಕಾರಿಗಳ ನೇತೃತ್ವದ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಹಣ ಕೊಟ್ಟು ಪಡೆದ ಚಿಕಿತ್ಸೆಯಾದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಅದಕ್ಕೆ 2 ವರ್ಷದ ಗಡುವಿದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಫೋಟೊಗಳ ಒಂದು ಪ್ರತಿಯನ್ನು ಮೊದಲ ಭೇಟಿಯ ದಿನವೇ ಕೇಳಿ ಇಟ್ಟುಕೊಂಡಿರಿ. ಆಮೇಲೆ ಕೇಳಿದರೆ ಅವು ಸುಲಭವಾಗಿ ಸಿಗುವುದಿಲ್ಲ.